ಒಸರುವ ಡೀಸೆಲ್ ಪಂಪಿಗೆ ಹೊಸ ಸೀಲ್: ಏನನ್ನು ಬಿಚ್ಚಬೇಕು, ಏನನ್ನು ಮುಟ್ಟಬಾರದು

ಹಳೆಯ ಟ್ರ್ಯಾಕ್ಟರಿನ ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಡೀಸೆಲ್ ಪಂಪಿನ ಮೈಮೇಲೆ ಸಾಮಾನ್ಯವಾಗಿ ಒಂದು ಪದರ ಕಪ್ಪು ಜಿಡ್ಡು ಕೂತಿರುತ್ತದೆ. ಅದಕ್ಕೆ ಧೂಳು ಮೆತ್ತಿಕೊಂಡು, ಕೆಳಗಿನ ಬೋಲ್ಟಿನ ತಲೆಯಲ್ಲಿ ಸದಾ ಒಂದು ಹನಿ ತೂಗಾಡುತ್ತಿದ್ದರೂ, ಎಂಜಿನ್ ಹೇಗೂ ಓಡುತ್ತಿದೆಯಲ್ಲ ಎಂದು ಅನೇಕರು ಅದನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟಿರುತ್ತಾರೆ. ಹೊರಗೆ ತೊಟ್ಟಿಕ್ಕುವ ಡೀಸೆಲ್ಲಿನಿಂದ ಆಗುವ ನಷ್ಟ ನಿಜಕ್ಕೂ ದೊಡ್ಡದೇನಲ್ಲ. ಆದರೆ ಹೊರಗಿನ ಸೀಲ್ ಸೋತಿದೆ ಎಂದರೆ ಅದರ ಜೊತೆಗೇ ಹುಟ್ಟಿದ, ಅದೇ ರಬ್ಬರಿನ ಇನ್ನೊಂದು ಸೀಲ್ ಪಂಪಿನ ಶಾಫ್ಟಿನ ಸುತ್ತ, ಎಂಜಿನ್ನಿಗೆ ಕೂಡುವ ಜಾಗದಲ್ಲಿ, ನಮ್ಮ ಕಣ್ಣಿಗೆ ಬೀಳದಂತೆ ಕೂತಿದೆ ಎಂಬುದನ್ನು ಮರೆಯಬಾರದು. ಅದು ಸೋತ ದಿನ ಡೀಸೆಲ್ ನೆಲಕ್ಕೆ ಬೀಳುವುದಿಲ್ಲ. ಸದ್ದಿಲ್ಲದೆ ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಇಳಿದು ಆಯಿಲ್ ಜೊತೆ ಬೆರೆಯುತ್ತದೆ. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯಲಾರದು. ಪಂಪಿನ ಒಸರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಈ ಕಾರಣಕ್ಕೆ.

ಈ ಬರಹ ಸೀಲುಗಳನ್ನು ಬದಲಾಯಿಸುವುದರ ಬಗ್ಗೆ ಮಾತ್ರ. ಸೀಲ್ ಬದಲಾವಣೆಯೂ ಪಂಪಿನ ಪೂರ್ಣ ರಿಪೇರಿಯೂ ಬೇರೆ ಬೇರೆ ಕೆಲಸಗಳು. ಡೀಸೆಲ್ಲಿನ ಪ್ರಮಾಣ, ಗವರ್ನರಿನ (ಎಂಜಿನ್ ವೇಗವನ್ನು ಹದದಲ್ಲಿಡುವ ಏರ್ಪಾಡು) ಹಿಡಿತ, ಅಡ್ವಾನ್ಸಿನ (ಡೀಸೆಲ್ ಸಿಂಪಡಿಸುವ ಹೊತ್ತನ್ನು ಮುಂದಕ್ಕೆ ತರುವ ಏರ್ಪಾಡು) ಅಳತೆ, ಒಳಗಿನ ಒತ್ತಡ, ಇವೆಲ್ಲವನ್ನೂ ನಿಗದಿಪಡಿಸಲು ಪಂಪನ್ನು ಓಡಿಸಿ ಅಳೆಯುವ ಟೆಸ್ಟ್ ಬೆಂಚ್ ಬೇಕು, ಅದರ ಮುಂದೆ ಪಳಗಿದ ಕೈಯೂ ಬೇಕು. ಸೀಲ್ ಬದಲಾಯಿಸುವವನ ಕೆಲಸವೆಂದರೆ ಹಳೆಯ ರಬ್ಬರನ್ನು ತೆಗೆದು ಹೊಸ ರಬ್ಬರನ್ನು ಕೂರಿಸಿ, ಉಳಿದ ಪ್ರತಿಯೊಂದು ಅಳತೆಯನ್ನೂ ಮೊದಲು ಎಲ್ಲಿತ್ತೋ ಅಲ್ಲಿಗೇ ಮರಳಿಸುವುದು. ಈ ಗೆರೆಯನ್ನು ದಾಟದಿದ್ದರೆ, ತಾಳ್ಮೆಯುಳ್ಳ ಯಾವ ಟ್ರ್ಯಾಕ್ಟರ್ ಮಾಲೀಕನೂ ಇದನ್ನು ಮಾಡಿಕೊಳ್ಳಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಸಿಎವಿ ಕಂಪನಿಯ ಡಿಪಿಎ ಮಾದರಿಯ ರೋಟರಿ ಪಂಪನ್ನು. ಮ್ಯಾಸಿ ಫರ್ಗುಸನ್ 135, ಫೋರ್ಡ್ 3000 ಮುಂತಾದ ಟ್ರ್ಯಾಕ್ಟರುಗಳ ಮೇಲೆ ಇದನ್ನು ನೋಡಬಹುದು. ಇದರ ಮೂಲ ಕಲ್ಪನೆ ಅಮೆರಿಕದ ವರ್ನನ್ ರೂಸಾ ಅವರದು. ಅವರ ಪಂಪ್ 1952ರಲ್ಲಿ ತಯಾರಿಕೆಗೆ ಬಂದ ಮೇಲೆ ಅದೇ ದಶಕದಲ್ಲಿ ಬ್ರಿಟನ್ನಿನ ಸಿಎವಿ ತನ್ನ ಡಿಪಿಎಯನ್ನು ಹೊರತಂದಿತು. ಅದಕ್ಕೆ ಹಿಂದಿನ ಇನ್‌ಲೈನ್ ಪಂಪುಗಳಲ್ಲಿ ಪ್ರತಿ ಸಿಲಿಂಡರಿಗೂ ಡೀಸೆಲ್ ಒತ್ತುವ ಒಂದೊಂದು ಎಲಿಮೆಂಟ್ ಇರುತ್ತದೆ. ಇಲ್ಲಿ ಹಾಗಲ್ಲ: ರೋಟರಿನೊಳಗೆ ಎದುರುಬದುರಾಗಿ ಕೂತ ಒಂದೇ ಜೋಡಿ ಪ್ಲಂಜರ್ (ಚಿಕ್ಕ ಪಿಸ್ಟನ್) ಎಲ್ಲ ಸಿಲಿಂಡರುಗಳಿಗೂ ಡೀಸೆಲ್ಲನ್ನು ಒತ್ತುತ್ತದೆ, ತಿರುಗುವ ರೋಟರ್ ಅದನ್ನು ಸರದಿಯ ಪ್ರಕಾರ ಒಂದೊಂದು ಪ್ರೆಷರ್ ಪೈಪಿಗೆ ಹಂಚುತ್ತದೆ. ಪ್ಲಂಜರುಗಳನ್ನು ಒಳಮುಖವಾಗಿ ತಳ್ಳುವುದು ಸುತ್ತಲಿನ ಕ್ಯಾಮ್ ರಿಂಗಿನ ಉಬ್ಬುಗಳು. ಪಂಪಿನ ತುದಿಯ ಎಂಡ್ ಪ್ಲೇಟಿನ ಹಿಂದೆ ಚಿಕ್ಕ ಬ್ಲೇಡುಗಳ ಟ್ರಾನ್ಸ್‌ಫರ್ ಪಂಪ್ ಇದೆ. ಮೇಲಿನ ಕವರಿನ ಕೆಳಗೆ ಗವರ್ನರಿನ ತೋಳು, ಸ್ಪ್ರಿಂಗು ಮತ್ತು ಡೀಸೆಲ್ಲಿನ ಪ್ರಮಾಣವನ್ನು ಹಿಡಿಯುವ ಮೀಟರಿಂಗ್ ವಾಲ್ವ್ ಇವೆ. ಈ ಇಡೀ ಪಂಪಿನ ಒಳಗೆ ಬೇರೆ ಆಯಿಲ್ ಇರುವುದಿಲ್ಲ, ಡೀಸೆಲ್ಲೇ ಅದರ ಲೂಬ್ರಿಕೇಶನ್. ಹಾಗಾಗಿ ಹೌಸಿಂಗ್ ಸದಾ ಡೀಸೆಲ್ಲಿನಿಂದ ತುಂಬಿರುತ್ತದೆ ಮತ್ತು ಎಲ್ಲಿ ಒಂದು ಜೋಡಣೆಯಿದೆಯೋ ಅಲ್ಲೆಲ್ಲ ಒಂದು ಸೀಲ್ ಅಗತ್ಯವಾಗುತ್ತದೆ.

ಆ ಜೋಡಣೆಗಳನ್ನು ಮೇಲಿನಿಂದ ಕೆಳಕ್ಕೆ ನೋಡೋಣ. ಮೇಲಿನ ಕವರಿನಲ್ಲಿ ಎರಡು ಶಾಫ್ಟುಗಳು ಹೊರಬರುತ್ತವೆ: ಒಂದು ಎಂಜಿನ್ ವೇಗ ಏರಿಸುವ ರೇಸಿನದು, ಇನ್ನೊಂದು ಅದನ್ನು ನಿಲ್ಲಿಸುವ ಸ್ಟಾಪಿನದು. ಎರಡಕ್ಕೂ ಓರಿಂಗ್ (ರಬ್ಬರಿನ ಉಂಗುರ) ಇರುತ್ತದೆ, ಕವರಿನ ಕೆಳಗೆ ಪ್ಯಾಕಿಂಗ್ (ಸಂದು ಮುಚ್ಚುವ ತೆಳು ಹಾಳೆ) ಇರುತ್ತದೆ. ಪಕ್ಕದಲ್ಲಿ ಟೈಮಿಂಗ್ (ಡೀಸೆಲ್ ಸಿಂಪಡಿಸುವ ಹೊತ್ತು) ಗುರುತು ನೋಡುವ ಚಿಕ್ಕ ಕಿಟಕಿಯಿದೆ, ಅದರ ಮುಚ್ಚಳಕ್ಕೂ ಪ್ಯಾಕಿಂಗ್. ಎಂಡ್ ಪ್ಲೇಟಿಗೆ ಒಂದು ದುಂಡು ಸೀಲ್. ಹೈಡ್ರಾಲಿಕ್ ಹೆಡ್ (ರೋಟರ್ ತನ್ನೊಳಗೆ ತಿರುಗುವ ಭಾಗ) ಹೌಸಿಂಗಿನೊಳಗೆ ಕೂರುವಲ್ಲಿ ಅದರ ಸುತ್ತ ಒಂದು ದೊಡ್ಡ ಓರಿಂಗ್. ಅಡ್ವಾನ್ಸ್ ಇರುವ ಪಂಪುಗಳಲ್ಲಿ ಕೆಳಗಿನ ಅಡ್ವಾನ್ಸ್ ಘಟಕಕ್ಕೆ ಪ್ಯಾಕಿಂಗ್ ಮತ್ತು ಓರಿಂಗುಗಳು. ಕೊನೆಯದಾಗಿ, ಪಂಪನ್ನು ಎಂಜಿನ್ನಿಗೆ ಬಿಗಿಯುವ ಅಂಚಾದ ಫ್ಲ್ಯಾಂಜಿನ ಕಡೆ, ಡ್ರೈವ್ ಶಾಫ್ಟನ್ನು ತುಟಿಯಂಥ ಅಂಚಿನಿಂದ ತಬ್ಬುವ ಲಿಪ್ ಸೀಲ್. ಕೆಲವು ಪಂಪುಗಳಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಎರಡು ಸೀಲುಗಳಿದ್ದು, ಒಂದು ಡೀಸೆಲ್ಲನ್ನು ಒಳಗೆ ತಡೆಯುತ್ತದೆ, ಇನ್ನೊಂದು ಎಂಜಿನ್ ಆಯಿಲನ್ನು ಆಚೆ ತಡೆಯುತ್ತದೆ.

ಈ ರಬ್ಬರ್ ಏಕೆ ಸೋಲುತ್ತದೆ ಎಂಬುದನ್ನು ತಿಳಿಯಲು ತೆಗೆದ ಓರಿಂಗನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಹೊಸ ಓರಿಂಗಿನ ಅಡ್ಡಕೊಯ್ತ ದುಂಡಗಿರುತ್ತದೆ, ಉಗುರಿನಿಂದ ಒತ್ತಿದರೆ ತಗ್ಗಿ ತಕ್ಷಣ ಮೇಲೇಳುತ್ತದೆ. ಹಳೆಯದು ತಾನು ಕೂರುವ ತೋಡಿನೊಳಗೆ ಒತ್ತಿಕೊಂಡಿದ್ದ ಕಡೆ ಚಪ್ಪಟೆಯಾಗಿ, ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಉಗುರು ಒತ್ತಿದರೆ ಗುರುತೂ ಬೀಳುವುದಿಲ್ಲ, ಬಗ್ಗಿಸಿದರೆ ಹೊರಮೈಯಲ್ಲಿ ಸಣ್ಣ ಬಿರುಕುಗಳು ಬಾಯಿಬಿಡುತ್ತವೆ, ಇನ್ನಷ್ಟು ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ಶಾಖ ಮತ್ತು ವಯಸ್ಸು ನೈಟ್ರೈಲ್ ರಬ್ಬರನ್ನು ಹೀಗೆ ಮಾಡುತ್ತವೆ. ಇದಕ್ಕೆ ಡೀಸೆಲ್ಲಿನ ಬದಲಾವಣೆಯೂ ಸೇರಿಕೊಂಡಿದೆ. ಹಳೆಯ ಡೀಸೆಲ್ಲಿನಲ್ಲಿದ್ದ ಆರೋಮ್ಯಾಟಿಕ್ ಅಂಶಗಳು ನೈಟ್ರೈಲನ್ನು ಸ್ವಲ್ಪ ಉಬ್ಬಿಸಿ ಇಡುತ್ತಿದ್ದವು. ಗಂಧಕವನ್ನು ತೆಗೆಯುವ ಶುದ್ಧೀಕರಣದಲ್ಲಿ ಆ ಅಂಶಗಳೂ ಕಡಿಮೆಯಾಗಬಹುದು. ಆಗ ದಶಕಗಳ ಕಾಲ ಉಬ್ಬಿ ಗಟ್ಟಿಯಾಗಿದ್ದ ರಬ್ಬರ್ ಕುಗ್ಗುತ್ತದೆ, ಮತ್ತೆ ಹಿಗ್ಗುವ ಶಕ್ತಿ ಅದಕ್ಕೆ ಇರುವುದಿಲ್ಲ. ಅಮೆರಿಕದಲ್ಲಿ 1993ರ ಅಕ್ಟೋಬರಿನಲ್ಲಿ ರಸ್ತೆ ವಾಹನಗಳ ಡೀಸೆಲ್ಲಿನ ಗಂಧಕವನ್ನು 500 ಪಿಪಿಎಮ್ (ಹತ್ತು ಲಕ್ಷದಲ್ಲಿ 500 ಭಾಗ) ಮಿತಿಗೆ ಇಳಿಸಿದಾಗ, ಅಲ್ಲಿಯವರೆಗೆ ಸೋರದಿದ್ದ ಹಳೆಯ ಪಂಪುಗಳು ಸೋರತೊಡಗಿದ ದೂರುಗಳು ಬಂದದ್ದು ಇದೇ ಕಾರಣದಿಂದ. ಜೈವಿಕ ಡೀಸೆಲ್ ಹೆಚ್ಚು ಬೆರೆತ ಇಂಧನವೂ ಸಾಮಾನ್ಯ ನೈಟ್ರೈಲಿಗೆ ಒಗ್ಗುವುದಿಲ್ಲ. ಹೀಗಾಗಿ ಕಿಟ್ ಕೊಳ್ಳುವಾಗ ವಿಟಾನ್ ಎಂದು ಕರೆಯುವ ಫ್ಲೋರೋ ರಬ್ಬರಿನ ಸೀಲುಗಳು ಸಿಗುವಂತಿದ್ದರೆ, ಸ್ವಲ್ಪ ಹೆಚ್ಚು ಕೊಟ್ಟಾದರೂ ಅವನ್ನೇ ಆರಿಸುವುದು ಒಳ್ಳೆಯದು.

ಸ್ಪ್ಯಾನರ್ ಹಿಡಿಯುವ ಮೊದಲು ಸೋರಿಕೆ ಎಲ್ಲಿಂದ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಡೀಸೆಲ್ ಮೇಲಿನಿಂದ ಕೆಳಕ್ಕೆ ಹರಿದು ಎಲ್ಲೋ ಒಂದು ಮೂಲೆಯಲ್ಲಿ ಹನಿಯಾಗುವುದರಿಂದ, ಹನಿ ಬೀಳುವ ಜಾಗವೇ ಸೋರುವ ಜಾಗವೆಂದು ತಿಳಿದರೆ ಕೆಲಸ ವ್ಯರ್ಥವಾಗುತ್ತದೆ. ಎಂಜಿನ್ ತಣ್ಣಗಿರುವಾಗ ಪಂಪನ್ನು ಬ್ರಷ್ ಮತ್ತು ಡೀಸೆಲ್ಲಿನಿಂದ ಚೆನ್ನಾಗಿ ತೊಳೆದು, ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನೋ ಟಾಲ್ಕಂ ಪೌಡರನ್ನೋ ತೆಳುವಾಗಿ ಉದುರಿಸಿ ಎಂಜಿನ್ ಓಡಿಸಿದರೆ, ಒದ್ದೆಯ ಗೆರೆ ಮೊದಲು ಮೂಡುವ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಓಡುತ್ತಿರುವ ಬಿಸಿ ಪಂಪಿನ ಮೇಲೆ ತಣ್ಣೀರು ಹೊಯ್ಯುವುದು ಅಥವಾ ಪ್ರೆಷರ್ ವಾಷರ್ ಹಿಡಿಯುವುದು ಅಪಾಯ. ಹೊರಗಿನ ಭಾಗ ಏಕಾಏಕಿ ಕುಗ್ಗಿ, ಒಳಗೆ ಕೆಲವೇ ಮೈಕ್ರಾನ್ ಸಂದಿನಲ್ಲಿ ತಿರುಗುತ್ತಿರುವ ರೋಟರ್ ಜಾಮ್ ಆಗಿಬಿಡಬಹುದು. ಪ್ರೆಷರ್ ಪೈಪುಗಳ ನಟ್ಟಿನ ಬಳಿ ಸೋರುತ್ತಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವ ಅಭ್ಯಾಸವನ್ನು ಬಿಡಲೇಬೇಕು. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ತೆರೆಯುವ ಒತ್ತಡ ವಾಯುಮಂಡಲದ ಒತ್ತಡದ ನೂರು ಪಟ್ಟಿಗಿಂತ ಹೆಚ್ಚು. ಆ ಒತ್ತಡದ ಸೂಜಿಯಂಥ ಧಾರೆ ಚರ್ಮವನ್ನು ಸೀಳಿ ಮೈಯೊಳಗೆ ಹೋಗುತ್ತದೆ, ಹಾಗೆ ಹೋದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿಯದು. ಒಂದು ರಟ್ಟಿನ ತುಂಡನ್ನು ಮುಂದೆ ಹಿಡಿದು ನೋಡಿದರೆ ಸಾಕು.

ಒಳಗಿನ ಸೋರಿಕೆಯನ್ನು ಡಿಪ್ ಸ್ಟಿಕ್ ಹೇಳುತ್ತದೆ. ಆಯಿಲ್ ಹಾಕದೆಯೇ ಮಟ್ಟ ಏರುತ್ತಿದ್ದರೆ, ಕಡ್ಡಿಗೆ ಡೀಸೆಲ್ ವಾಸನೆ ಇದ್ದರೆ, ಬೆರಳುಗಳ ನಡುವೆ ಉಜ್ಜಿದಾಗ ಆಯಿಲ್ ನೀರಾಗಿದೆ ಅನ್ನಿಸಿದರೆ, ಟ್ರ್ಯಾಕ್ಟರನ್ನು ಅಲ್ಲಿಗೇ ನಿಲ್ಲಿಸಬೇಕು. ಆದರೆ ತಪ್ಪು ಪಂಪಿನ ಶಾಫ್ಟ್ ಸೀಲಿನದೇ ಎಂದು ತೀರ್ಮಾನಿಸುವ ಮೊದಲು, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪನ್ನು ನೋಡಬೇಕು. ಎಂಜಿನ್ ಬ್ಲಾಕಿಗೆ ಕೂತ ಡಯಾಫ್ರಮ್ ಮಾದರಿಯ ಫೀಡ್ ಪಂಪಿನಲ್ಲಿ ಡಯಾಫ್ರಮ್ ಹರಿದರೆ ಡೀಸೆಲ್ ನೇರವಾಗಿ ಚೇಂಬರಿಗೇ ಇಳಿಯುತ್ತದೆ, ಅದನ್ನು ಬದಲಾಯಿಸುವುದು ತುಂಬ ಸುಲಭದ ಕೆಲಸ. ಸರಿಯಾಗಿ ಮುಚ್ಚಿಕೊಳ್ಳದ ನಾಜಲ್ಲಿನಿಂದಲೂ ಸುಡದ ಡೀಸೆಲ್ ಸಿಲಿಂಡರಿನ ಗೋಡೆಯಗುಂಟ ಕೆಳಗಿಳಿಯಬಹುದು. ಇವೆರಡನ್ನೂ ನೋಡಿದ ಮೇಲಷ್ಟೇ ಡೀಸೆಲ್ ಪಂಪನ್ನು ಕೆಳಗಿಳಿಸುವ ಮಾತು.

ಹೊಸ ಸೀಲಿನಿಂದ ಗುಣವಾಗದ ಕಾಯಿಲೆಗಳನ್ನೂ ಗುರುತಿಸಿಕೊಳ್ಳಬೇಕು. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗದೆ ಹಟ ಮಾಡುವ ಎಂಜಿನ್ನಿನಲ್ಲಿ ಪಂಪಿನ ಹೆಡ್ ಮತ್ತು ರೋಟರ್ ಸವೆದಿರುವ ಸಾಧ್ಯತೆ ಹೆಚ್ಚು; ಬಿಸಿಯಿಂದ ತೆಳುವಾದ ಡೀಸೆಲ್ ಸವೆದ ಸಂದಿನಲ್ಲಿ ಜಾರಿಹೋಗಿ ಒತ್ತಡ ಏಳುವುದಿಲ್ಲ. ನೀರು ಸೇರಿ ಒಳಗೆ ತುಕ್ಕು ಹಿಡಿದ ಪಂಪ್, ಬಹುಕಾಲ ನಿಂತು ಮೀಟರಿಂಗ್ ವಾಲ್ವ್ ಅಂಟಿಕೊಂಡ ಪಂಪ್, ಇವೂ ಬೆಂಚಿಗೇ ಹೋಗಬೇಕು. ಇಂಥ ಪಂಪಿಗೆ ಮನೆಯಲ್ಲಿ ಸೀಲ್ ಹಾಕುವುದು ಶ್ರಮಕ್ಕೆ ದಂಡ.

ಒಸರು ಮೇಲಿನ ಕವರಿನದು ಮಾತ್ರವಾಗಿದ್ದರೆ ಪಂಪನ್ನು ಎಂಜಿನ್ನಿನಿಂದ ಬಿಚ್ಚುವ ಅಗತ್ಯವೇ ಇಲ್ಲ. ಹೆಚ್ಚಿನ ಹಳೆಯ ಪಂಪುಗಳಲ್ಲಿ ಮೊದಲು ಸೋಲುವುದೂ ಇಲ್ಲಿಯೇ, ಏಕೆಂದರೆ ಅಲುಗಾಡುವ ಶಾಫ್ಟನ್ನು ಹಿಡಿದಿಡಬೇಕಾದ ಓರಿಂಗುಗಳು ಇಲ್ಲಿವೆ. ಆದರೂ ಈ ಪಂಪಿನಲ್ಲಿ ಅತ್ಯಂತ ಎಚ್ಚರ ಬೇಡುವ ಜಾಗವೂ ಇದೇ ಎಂಬ ಕಾರಣಕ್ಕೆ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಡೀಸೆಲ್ ಕಾಕ್ ಮುಚ್ಚಿ, ಪಂಪಿನ ಸುತ್ತಮುತ್ತ ತೊಳೆದು, ರಿಟರ್ನ್ ಪೈಪನ್ನು ಬಿಡಿಸಿ, ರೇಸ್ ಮತ್ತು ಸ್ಟಾಪ್ ಲಿವರುಗಳು ಶಾಫ್ಟಿನ ಮೇಲೆ ಯಾವ ಕೋನದಲ್ಲಿ ಕೂತಿವೆ ಎಂಬುದಕ್ಕೆ ಗುರುತು ಮಾಡಿ, ಫೋಟೋ ತೆಗೆದು, ಆಮೇಲೆ ಲಿವರುಗಳನ್ನು ಬಿಚ್ಚಬೇಕು. ಕವರಿನ ನಟ್ಟುಗಳನ್ನು ತೆಗೆದ ಬಳಿಕ ಕವರನ್ನು ಸರ್ರನೆ ಮೇಲಕ್ಕೆ ಎಳೆಯಬಾರದು. ಎರಡೂ ಶಾಫ್ಟುಗಳ ತುದಿಯನ್ನು ಹೆಬ್ಬೆರಳುಗಳಿಂದ ಕೆಳಕ್ಕೆ ಒತ್ತಿ ಹಿಡಿದುಕೊಂಡೇ ಕವರನ್ನು ನಿಧಾನವಾಗಿ ಎತ್ತಿದರೆ, ಶಾಫ್ಟುಗಳು ಮತ್ತು ಅವುಗಳಿಗೆ ಕೊಂಡಿಯಾದ ಸ್ಪ್ರಿಂಗು ಒಳಗೇ ಉಳಿಯುತ್ತವೆ.

ಕವರ್ ಮೇಲೆದ್ದ ಕೂಡಲೇ ಇನ್ನೊಂದು ಫೋಟೋ ತೆಗೆಯಬೇಕು. ಗವರ್ನರ್ ಸ್ಪ್ರಿಂಗಿನ ಕೊಂಡಿ ಒಂದು ತೂತಿಗೆ ಸಿಕ್ಕಿರುತ್ತದೆ, ಆದರೆ ತೋಳಿನಲ್ಲಿ ಅಂಥ ಹಲವು ತೂತುಗಳಿರುತ್ತವೆ; ಎಂಜಿನ್ನಿನ ಮಾದರಿಗೆ ತಕ್ಕಂತೆ ಯಾವ ತೂತು ಎಂಬುದನ್ನು ಕಾರ್ಖಾನೆಯಲ್ಲೇ ನಿಗದಿಪಡಿಸಿರುತ್ತಾರೆ. ಒಂದು ತೂತು ಆಚೀಚೆಯಾದರೂ ರೇಸಿನ ನಡವಳಿಕೆ ಬದಲಾಗುತ್ತದೆ. ಮೀಟರಿಂಗ್ ವಾಲ್ವಿಗೆ ಹೋಗುವ ಸಣ್ಣ ಕಡ್ಡಿಯ ನಟ್ಟನ್ನು ತಿರುಗಿಸಲೇಬಾರದು, ಏಕೆಂದರೆ ಅದರ ಉದ್ದವೂ ಒಂದು ಅಳತೆಯೇ. ಹಳೆಯ ಓರಿಂಗನ್ನು ಉಕ್ಕಿನ ಸೂಜಿಯಿಂದ ಕೆದಕುವ ಬದಲು ಬಿದಿರಿನ ಕಡ್ಡಿಯಿಂದಲೋ ಪ್ಲಾಸ್ಟಿಕ್ ಮೊನೆಯಿಂದಲೋ ಎಬ್ಬಿಸಿದರೆ ತೋಡಿಗೆ ಗೀರು ಬೀಳುವುದಿಲ್ಲ. ಶಾಫ್ಟನ್ನು ಒರೆಸಿ, ಬೆಳಕಿಗೆ ಹಿಡಿದು, ಸವಕಳಿಯ ಉಂಗುರವಿದೆಯೇ ಎಂದು ನೋಡಿ, ಹೊಸ ಓರಿಂಗನ್ನು ಕೂರಿಸಿ, ಗ್ರೀಸ್ ಸವರಿ ಕವರನ್ನು ಇಳಿಸಬೇಕು. ಕವರಿನ ತೂತೇ ಸವೆದು ಅಂಡಾಕಾರವಾಗಿದ್ದು ಶಾಫ್ಟ್ ಪಕ್ಕಕ್ಕೆ ಅಲ್ಲಾಡುತ್ತಿದ್ದರೆ ಹೊಸ ಓರಿಂಗ್ ಹೆಚ್ಚು ಕಾಲ ನಿಲ್ಲದು. ಆ ಕವರಿಗೆ ಬುಷ್ ಹಾಕಿಸಬೇಕು ಅಥವಾ ಕವರನ್ನೇ ಬದಲಾಯಿಸಬೇಕು. ನಟ್ಟು ಬಿಗಿಯುವ ಮೊದಲು ಸ್ಟಾಪ್ ಶಾಫ್ಟನ್ನು ತಿರುಗಿಸಿ, ಅದು ಮೀಟರಿಂಗ್ ವಾಲ್ವನ್ನು ನಿಜವಾಗಿಯೂ ಮುಚ್ಚುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ. ಒಳಗಿನ ಕೊಂಡಿ ತಪ್ಪಿ ವಾಲ್ವ್ ತೆರೆದೇ ಉಳಿದರೆ ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಎಂಜಿನ್ ಹಿಡಿತ ತಪ್ಪಿ ಏರುತ್ತದೆ.

ಉಳಿದ ಸೀಲುಗಳಿಗೆ ಪಂಪನ್ನು ಬಿಚ್ಚಿ ಮೇಜಿಗೆ ತರಲೇಬೇಕು. ಬಿಚ್ಚುವ ಮುನ್ನ ಒಂದನೇ ಸಿಲಿಂಡರನ್ನು ಕಂಪ್ರೆಷನ್ನಿನ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೇರಿದ ಸ್ಥಾನ) ತಂದು ನಿಲ್ಲಿಸಬೇಕು. ಮತ್ತೆ ಪಂಪ್ ಕೂರುವವರೆಗೆ ಎಂಜಿನ್ ತಿರುಗಬಾರದು, ಆದ್ದರಿಂದ ಬ್ಯಾಟರಿಯ ತಂತಿ ತೆಗೆದಿಡುವುದು ಕ್ಷೇಮ. ಪಂಪಿನ ಫ್ಲ್ಯಾಂಜಿನ ಮೇಲಿನ ಗೆರೆ ಮತ್ತು ಎಂಜಿನ್ನಿನ ಕೇಸಿನ ಗೆರೆ ಎರಡೂ ಎದುರುಬದುರಾಗಿ ಇವೆಯೇ ನೋಡಬೇಕು. ಯಾರಾದರೂ ಹಿಂದೆ ಟೈಮಿಂಗ್ ಸರಿಸಿದ್ದರೆ ಗೆರೆಗಳು ಕೂಡುವುದಿಲ್ಲ. ಆಗ ಚೂಪಾದ ಮೊನೆಯಿಂದ ಈಗಿನ ಸ್ಥಾನಕ್ಕೆ ಹೊಸ ಗೆರೆ ಎಳೆದುಕೊಂಡು, ಅದಕ್ಕೇ ಮರಳಿ ಕೂರಿಸಬೇಕು. ಬಿಚ್ಚಿದ ಪ್ರತಿ ಪೈಪಿನ ಬಾಯಿಗೂ, ಪಂಪಿನ ಪ್ರತಿ ಬಾಯಿಗೂ ಕೂಡಲೇ ಮುಚ್ಚಳ ಬೀಳಬೇಕು. ಹೆಡ್ಡಿನ ಮೇಲೆ ಹೊರದಾರಿಗಳ ಬಳಿ ಇಂಗ್ಲಿಷ್ ಅಕ್ಷರಗಳಿರುತ್ತವೆ, ಯಾವ ಅಕ್ಷರದ ಪೈಪ್ ಯಾವ ಸಿಲಿಂಡರಿಗೆ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಪಂಪಿನ ಮೈಗೆ ಕೂತ ತಗಡಿನ ಮೇಲಿನ ಮಾದರಿ ಸಂಖ್ಯೆಯನ್ನೂ ಆಗಲೇ ಬರೆದುಕೊಂಡರೆ ಸರಿಯಾದ ಕಿಟ್ ತರಲು ಅದೇ ಆಧಾರವಾಗುತ್ತದೆ.

ಮೇಜಿನ ಮೇಲೆ ಬೇಕಾದದ್ದು ಎಲ್ಲಕ್ಕಿಂತ ಮೊದಲು ಶುಚಿ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ರೋಟರ್ ಮತ್ತು ಹೆಡ್ಡಿನ ನಡುವಿನ ಸಂದು ಅದರ ಎಷ್ಟೋ ಪಾಲು ಕಡಿಮೆ. ಆ ಎರಡನ್ನೂ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಹಾಗಾಗಿ ಒಂದರ ರೋಟರ್ ಇನ್ನೊಂದರ ಹೆಡ್ಡಿಗೆ ಸಲ್ಲುವುದಿಲ್ಲ. ಬಿಳಿಯ ಎನಾಮಲ್ ತಟ್ಟೆ, ಫಿಲ್ಟರ್ ಆದ ಡೀಸೆಲ್, ನೂಲು ಬಿಡದ ಬಟ್ಟೆ, ತೊಳೆದ ಕೈ, ಇವಿಷ್ಟು ಸಿದ್ಧವಾಗದೆ ಹೆಡ್ಡನ್ನು ಹೊರತೆಗೆಯಬಾರದು. ಎಮರಿ ಕಾಗದಕ್ಕೆ ಈ ಮೇಜಿನ ಹತ್ತಿರವೂ ಜಾಗವಿಲ್ಲ.

ಎಂಡ್ ಪ್ಲೇಟನ್ನು ತೆಗೆಯುವಾಗ ಒಳಗಿನ ಟ್ರಾನ್ಸ್‌ಫರ್ ಪಂಪಿನ ಲೈನರ್ ಮತ್ತು ಬ್ಲೇಡುಗಳು ಜಾರಿ ಬೀಳದಂತೆ ಪಂಪನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಬ್ಲೇಡುಗಳು ಸುಲಭವಾಗಿ ಚಕ್ಕೆ ಏಳುತ್ತವೆ. ಯಾವುದು ಯಾವ ತೋಡಿನಲ್ಲಿ, ಯಾವ ಮುಖವಾಗಿ ಇತ್ತೋ ಹಾಗೆಯೇ ಹಿಂದಿರುಗಬೇಕು. ಎಂಡ್ ಪ್ಲೇಟಿನೊಳಗೆ ಕೂತ ರೆಗ್ಯುಲೇಟಿಂಗ್ ವಾಲ್ವಿನ ಪಿಸ್ಟನ್ ಮತ್ತು ಸ್ಪ್ರಿಂಗುಗಳ ಕ್ರಮವನ್ನು ಕಾಗದದ ಮೇಲೆ ಚಿತ್ರ ಬಿಡಿಸಿಕೊಂಡೇ ಹೊರತೆಗೆಯಬೇಕು, ಏಕೆಂದರೆ ವೇಗಕ್ಕೆ ತಕ್ಕಂತೆ ಏರುವ ಟ್ರಾನ್ಸ್‌ಫರ್ ಒತ್ತಡ ಇದರ ಕೈಯಲ್ಲಿದೆ. ಅಡ್ವಾನ್ಸ್ ಘಟಕದಲ್ಲಿ ಸ್ಪ್ರಿಂಗಿನ ಹಿಂದೆ ಶಿಮ್ (ತೆಳು ತಗಡಿನ ಬಿಲ್ಲೆ) ಇದ್ದರೆ ಅದರದ್ದೂ ಇದೇ ಲೆಕ್ಕ. ಹೆಡ್ಡಿನ ಸ್ಕ್ರೂಗಳನ್ನು ತೆಗೆದು, ಕ್ಯಾಮ್ ರಿಂಗಿಗೆ ಸಿಕ್ಕಿದ ಅಡ್ವಾನ್ಸ್ ಸ್ಕ್ರೂವನ್ನೂ ಬಿಡಿಸಿದ ಮೇಲೆ ಹೆಡ್ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಎಳೆದರೆ ಹೊರಬರುತ್ತದೆ. ಹೆಡ್ಡನ್ನು ಬಾಗಿಸಿದರೆ ರೋಟರ್ ಅದರಿಂದ ಜಾರಿಬಿಡಬಹುದು, ಆದ್ದರಿಂದ ಒಂದು ಕೈ ರೋಟರಿನ ಮೇಲೇ ಇರಲಿ. ಪ್ಲಂಜರುಗಳನ್ನು ಹೊರತೆಗೆಯಬೇಕಾದ ಅಗತ್ಯ ಸೀಲ್ ಕೆಲಸದಲ್ಲಿ ಇಲ್ಲ. ರೋಟರಿನ ಎರಡೂ ಬದಿಯ ಅಡ್ಜಸ್ಟಿಂಗ್ ಪ್ಲೇಟುಗಳು ಗರಿಷ್ಠ ಡೀಸೆಲ್ಲಿನ ಪ್ರಮಾಣವನ್ನು ನಿರ್ಧರಿಸುವಂಥವು. ಅವುಗಳ ಸ್ಕ್ರೂವಿಗೆ ಸ್ಪ್ಯಾನರ್ ತಗುಲಿದರೆ ನಾನು ಮೇಲೆ ಹೇಳಿದ ಗೆರೆ ದಾಟಿದಂತೆಯೇ, ಮುಂದಿನ ದಾರಿ ಟೆಸ್ಟ್ ಬೆಂಚಿನದೇ. ಕ್ಯಾಮ್ ರಿಂಗಿನ ಮುಖದ ಮೇಲೆ ತಿರುಗುವ ದಿಕ್ಕನ್ನು ತೋರುವ ಬಾಣದ ಗುರುತಿದೆ. ಅದನ್ನು ತಿರುಗುಮುರುಗಾಗಿ ಹಾಕಿದರೆ ಪಂಪ್ ಕೆಲಸ ಮಾಡುವುದಿಲ್ಲ.

ಡ್ರೈವ್ ಶಾಫ್ಟ್ ಮತ್ತು ಗವರ್ನರಿನ ತೂಕಗಳು ಹೊರಬಂದ ಮೇಲೆ ಲಿಪ್ ಸೀಲ್ ಕೈಗೆ ಸಿಗುತ್ತದೆ. ಸೀಲನ್ನು ಎಬ್ಬಿಸುವಾಗ ಅಲ್ಯೂಮಿನಿಯಮ್ ಹೌಸಿಂಗಿನ ಗೋಡೆಗೆ ಗೀರು ಬೀಳದಂತೆ ನೋಡಿಕೊಳ್ಳಬೇಕು, ಹಾಗೆ ಬಿದ್ದ ಗೀರಿನ ಮೂಲಕ ಸೀಲಿನ ಹೊರಸುತ್ತಿನಿಂದಲೇ ಡೀಸೆಲ್ ದಾರಿ ಮಾಡಿಕೊಳ್ಳುತ್ತದೆ. ಹಳೆಯ ಸೀಲಿನ ಆಳ ಮತ್ತು ಅದರ ಬಾಯಿ ಯಾವ ಕಡೆಗಿತ್ತು ಎಂಬುದನ್ನು ಮೊದಲೇ ಅಳೆದಿಟ್ಟುಕೊಂಡಿರಬೇಕು. ಹೊಸದನ್ನು ಸೀಲಿನ ಹೊರ ಅಳತೆಗೆ ಹತ್ತಿರವಾದ ಕೊಳವೆಯಿಂದ ನೇರವಾಗಿ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಒಂದೊಂದು ಬದಿ ಬಡಿದರೆ ಸೀಲ್ ಓರೆಯಾಗುತ್ತದೆ. ಶಾಫ್ಟನ್ನು ಮರಳಿ ತೂರಿಸುವಾಗ ಅದರ ಸ್ಪ್ಲೈನಿನ ಹಲ್ಲುಗಳು ಹೊಸ ತುಟಿಯನ್ನು ಕತ್ತರಿಸದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹಲ್ಲುಗಳಿಗೆ ಸುತ್ತಿ, ಸೀಲಿನ ತುಟಿಗೆ ಎಣ್ಣೆ ಸವರಿ, ನಿಧಾನವಾಗಿ ತಿರುಗಿಸುತ್ತ ಒಳಬಿಡುವುದು ಸುರಕ್ಷಿತ ವಿಧಾನ.

ಕಿಟ್ಟಿನಲ್ಲಿ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರುವ ಹಲವು ಓರಿಂಗುಗಳಿರುತ್ತವೆ. ಹಳೆಯದು ಚಪ್ಪಟೆಯಾಗಿರುವುದರಿಂದ ಅದರ ದಪ್ಪವನ್ನು ಹೋಲಿಸಿದರೆ ಮೋಸವಾಗಬಹುದು. ಹೊಸದನ್ನು ತೋಡಿನಲ್ಲಿಟ್ಟು ಸಡಿಲವಿಲ್ಲದೆ, ತಿರುಚದೆ ಕೂರುತ್ತದೆಯೇ ಎಂದು ನೋಡುವುದೇ ಸರಿ. ಒಂದೇ ಕಿಟ್ ಹಲವು ಮಾದರಿಗಳಿಗೆ ಹೊಂದುವಂತೆ ಮಾಡಿರುವುದರಿಂದ ಕೊನೆಯಲ್ಲಿ ಕೆಲವು ಉಳಿಯುತ್ತವೆ, ಅದರಿಂದ ಗಾಬರಿಯಾಗಬೇಕಿಲ್ಲ. ಪ್ಯಾಕಿಂಗಿನ ಜೊತೆ ಸಿಲಿಕೋನ್ ಪೇಸ್ಟ್ ಬಳಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಳಕ್ಕೆ ಉಬ್ಬಿದ ಪೇಸ್ಟ್ ತುಂಡಾಗಿ ಹರಿದು ಮೀಟರಿಂಗ್ ವಾಲ್ವಿನ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೆ, ಸೋರಿಕೆಗಿಂತ ದೊಡ್ಡ ತೊಂದರೆಯನ್ನು ನಾವೇ ಒಳಗೆ ತುಂಬಿದಂತಾಗುತ್ತದೆ. ಹೆಡ್ ಒಳಹೋಗುವಾಗ ಅದರ ದೊಡ್ಡ ಓರಿಂಗು ಹೌಸಿಂಗಿನ ಸ್ಕ್ರೂ ತೂತುಗಳ ಅಂಚಿಗೆ ಸಿಕ್ಕಿ ಚರ್ಮ ಸುಲಿದಂತಾಗಬಹುದು. ಡೀಸೆಲ್ಲಿನಲ್ಲಿ ಒದ್ದೆ ಮಾಡಿ, ಬೆರಳಿನಿಂದ ಅಂಚನ್ನು ಒಳಕ್ಕೆ ಒತ್ತುತ್ತ ಇಳಿಸಬೇಕು. ಸ್ಕ್ರೂಗಳನ್ನು ಕೈಪಿಡಿ ಹೇಳುವ ಟಾರ್ಕಿಗಷ್ಟೇ, ಒಂದಾದ ಮೇಲೊಂದರಂತೆ ಸಮವಾಗಿ ಬಿಗಿಯಬೇಕು. ಪ್ರತಿ ಹಂತದಲ್ಲೂ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿದ ಮೇಲೆ ಎಲ್ಲಾದರೂ ಹಿಡಿದಂತಾದರೆ ಹೆಡ್ ತಿರುಚಿಕೊಂಡಿದೆ ಎಂದರ್ಥ, ಬಿಚ್ಚಿ ಮತ್ತೆ ಕೂರಿಸದೆ ಮುಂದುವರಿಯಬಾರದು.

ಪಂಪನ್ನು ಎಂಜಿನ್ನಿಗೆ ಕೂರಿಸುವಾಗ ಡ್ರೈವ್ ಒಂದೇ ಸ್ಥಾನದಲ್ಲಿ ಕೂಡುವಂತೆ ಅಗಲವಾದ ಸ್ಪ್ಲೈನನ್ನೋ ಡೋವೆಲ್ ಎಂಬ ಗೂಟವನ್ನೋ ಇಟ್ಟಿರುತ್ತಾರೆ. ಕೂಡದಿದ್ದರೆ ಬೋಲ್ಟ್ ಬಿಗಿದು ಎಳೆದುಕೊಳ್ಳುವ ಪ್ರಯತ್ನ ಬೇಡ, ಶಾಫ್ಟನ್ನು ಸ್ವಲ್ಪ ತಿರುಗಿಸಿದರೆ ತಾನಾಗಿ ಕೂಡುತ್ತದೆ. ಫ್ಲ್ಯಾಂಜಿನ ಗೆರೆಗಳನ್ನು ಎದುರುಬದುರು ತಂದು ನಟ್ಟು ಬಿಗಿದು, ಪೈಪುಗಳಿಗೆ ಹೊಸ ತಾಮ್ರದ ವಾಷರುಗಳನ್ನು ಹಾಕಬೇಕು.

ಈಗ ಏರ್ ತೆಗೆಯುವ ಕೆಲಸ. ಹೌಸಿಂಗ್ ಪೂರ್ತಿ ಖಾಲಿಯಾಗಿರುವುದರಿಂದ ಇದಕ್ಕೆ ಸಮಯ ಹಿಡಿಯುತ್ತದೆ. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ, ಆಮೇಲೆ ಹೆಡ್ಡಿನ ಬದಿಯ ವೆಂಟ್ ಸ್ಕ್ರೂ, ಅದರ ನಂತರ ಮೇಲಿನ ಕವರಿನ ವೆಂಟ್ ಸ್ಕ್ರೂ, ಹೀಗೆ ಒಂದೊಂದನ್ನೇ ಸಡಿಲಿಸಿ ಫೀಡ್ ಪಂಪಿನ ಲಿವರನ್ನು ಕೈಯಿಂದ ಆಡಿಸುತ್ತ, ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಬಿಗಿಯಬೇಕು. ಲಿವರ್ ಸಡಿಲವಾಗಿ ಆಡಿ ಡೀಸೆಲ್ಲೇ ಬರದಿದ್ದರೆ ಫೀಡ್ ಪಂಪ್ ಕೆಟ್ಟಿದೆ ಎಂದುಕೊಳ್ಳುವುದು ಬೇಡ. ಎಂಜಿನ್ನಿನ ಕ್ಯಾಮ್ ಅದನ್ನು ಒತ್ತಿ ಹಿಡಿದ ಸ್ಥಾನದಲ್ಲಿ ನಿಂತಿರಬಹುದು, ಎಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ಲಿವರಿಗೆ ಪೂರ್ತಿ ಹೊಡೆತ ಸಿಗುತ್ತದೆ. ಕೊನೆಗೆ ನಾಜಲ್ಲಿನ ಕಡೆಯ ನಟ್ಟುಗಳನ್ನು ಸಡಿಲಿಸಿ, ರೇಸನ್ನು ಪೂರ್ತಿ ಕೊಟ್ಟು, ಮೋಟಾರು ಬಿಸಿಯಾಗದಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದರೆ ನಟ್ಟುಗಳ ಬುಡದಲ್ಲಿ ಡೀಸೆಲ್ ಚಿಮ್ಮುತ್ತದೆ. ಆಗ ನಟ್ಟುಗಳನ್ನು ಬಿಗಿಯಬೇಕು.

ಸ್ಟಾರ್ಟ್ ಮಾಡುವ ಮುನ್ನ ಎರಡು ಸಿದ್ಧತೆಗಳನ್ನು ನಾನು ಬಿಡುವುದಿಲ್ಲ. ಚೇಂಬರಿಗೆ ಡೀಸೆಲ್ ಇಳಿದಿದ್ದ ಎಂಜಿನ್ನಾದರೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಾಯಿಸಿರಬೇಕು. ತೆಳುವಾದ ಆಯಿಲ್ ಬೇರಿಂಗ್ ತಿನ್ನುವುದಷ್ಟೇ ಅಲ್ಲದೆ, ಮಟ್ಟ ವಿಪರೀತ ಏರಿದ್ದರೆ ಎಂಜಿನ್ ಅದನ್ನೇ ಇಂಧನವಾಗಿ ಎಳೆದುಕೊಂಡು ಸ್ಟಾಪ್ ಎಳೆದರೂ ನಿಲ್ಲದಂತಾಗಬಹುದು. ಎರಡನೆಯದು, ಏರ್ ಕ್ಲೀನರಿನ ಹೋಸನ್ನು ಕಳಚಿ, ಗಾಳಿಯ ಬಾಯಿಯನ್ನು ಪೂರ್ತಿ ಮುಚ್ಚುವಷ್ಟು ಅಗಲದ ದಪ್ಪ ಹಲಗೆಯನ್ನು ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ರೇಸ್ ಹಿಡಿತ ತಪ್ಪಿದರೆ ಗಾಳಿಯನ್ನು ತಡೆಯುವುದೊಂದೇ ಎಂಜಿನ್ನನ್ನು ನಿಲ್ಲಿಸುವ ಖಚಿತ ದಾರಿ. ಅದಕ್ಕೆ ಅಂಗೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬಾರದು.

ಎಂಜಿನ್ ಹಿಡಿದ ಮೇಲೆ ಕೆಲ ಹೊತ್ತು ಮಿಸ್ ಹೊಡೆಯುತ್ತದೆ, ಉಳಿದ ಗಾಳಿ ಹೊರಹೋದಂತೆ ಸಮವಾಗುತ್ತದೆ. ಐಡಲಿಂಗಿನಲ್ಲೇ ಸ್ಟಾಪನ್ನು ಪರೀಕ್ಷಿಸಿ, ಆಮೇಲೆ ರೇಸನ್ನು ನಿಧಾನವಾಗಿ ಏರಿಸಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ಬಿಡುತ್ತ ಎಳೆತ ಕಡಿಮೆಯಾಗಿದ್ದರೆ ಟೈಮಿಂಗ್ ಹಿಂದೆ ಬಿದ್ದಿರಬಹುದು. ಮೊದಲಿಲ್ಲದ ಗಡುಸಾದ ಬಡಿತ ಕೇಳಿಸಿದರೆ ಮುಂದೆ ಹೋಗಿರಬಹುದು. ಎರಡಕ್ಕೂ ಫ್ಲ್ಯಾಂಜಿನ ಗೆರೆಯನ್ನೇ ಮೊದಲು ನೋಡಬೇಕು.

ಆ ದಿನ ಡಿಪ್ ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ಎಲ್ಲಿದೆಯೋ ಅಲ್ಲಿಗೆ ಒಂದು ಗುರುತು ಮಾಡಿಕೊಂಡು, ಕೆಲವು ಗಂಟೆಗಳ ಕೆಲಸದ ಬಳಿಕ ಟ್ರ್ಯಾಕ್ಟರನ್ನು ಅದೇ ಮಟ್ಟಸ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಬೇಕು. ಫೀಡ್ ಪಂಪ್ ಮತ್ತು ನಾಜಲ್ಲುಗಳು ಸರಿಯಿದ್ದೂ ಮಟ್ಟ ಏರಿದ್ದರೆ, ಹಳೆಯ ಸೀಲಿನ ತುಟಿ ಶಾಫ್ಟಿನ ಮೇಲೆ ಕೊರೆದ ಉಂಗುರದಲ್ಲೇ ಹೊಸ ತುಟಿಯೂ ಕೂತಿರುವ ಸಾಧ್ಯತೆಯಿದೆ. ಆ ಉಂಗುರ ಉಗುರಿಗೆ ತಡೆಯುವಷ್ಟು ಆಳವಾಗಿದ್ದರೆ ಇನ್ನೊಂದು ಸೀಲ್ ಹಾಕಿ ಪ್ರಯೋಜನವಿಲ್ಲ. ಹೌಸಿಂಗಿನಲ್ಲಿ ಜಾಗವಿದ್ದರೆ ಸೀಲನ್ನು ತುಸು ಬೇರೆ ಆಳದಲ್ಲಿ ಕೂರಿಸಿ ತುಟಿಯನ್ನು ಸವೆಯದ ಮೈಗೆ ತರಬೇಕು, ಜಾಗವಿಲ್ಲದಿದ್ದರೆ ಡ್ರೈವ್ ಶಾಫ್ಟನ್ನೇ ಬದಲಾಯಿಸಬೇಕು.